ಅವರ್ಸಾದ ಫೈಬರ್ ದೇವರು

"ಇದನ್ನು ಒತ್ತಿದರೆ ಏನಾಗ್ತದೆ?" ಎಂದು ಕೇಳುವಷ್ಟರಲ್ಲೇ ಪಿಎಸ್‌ಐ ಕವನಾ ಹೆಗಡೆ ಗೋಡೆಯ ಮೇಲಿನ ಕೆಂಪು ಗುಂಡಿಯನ್ನು ಒತ್ತಿಯಾಗಿತ್ತು.

ಟಿಣ್ ಎಂದು ನಾಣ್ಯ ಬಿದ್ದ ಸದ್ದು. ಅದರ ಬೆನ್ನಿಗೇ ನಗು ತುಂಬಿದ ಒಂದು ಹೆಣ್ಣುದನಿ: "ಯಾರೋ ಬಂದ್ರು ಕಾಣ್ತದೆ, ಚಾ ಇಡೂಕೆ ಹೇಳಿ!"

"ಬಾಗ್ಲು ಗಂಟೆ ಮೇಡಂ," ಎಂದಳು ನೀಲಾ. "ಗೇಮ್ ಆಡೂರು ತಕಂಡ್ ಹೋಗ್ತ್ರು. ದನಿ ನಂದೇ."

ಅದನ್ನು ರೆಕಾರ್ಡ್ ಮಾಡುವಾಗ ಗಂಡ ರೂಪೇಶ ಎದುರು ನಿಂತು ಮುಖ ಓರೆಕೋರೆ ಮಾಡಿ ನಗಿಸಿದ್ದ. ಈಗ ಕೇಳಿದರೆ ಪಕ್ಕದ ಮನೆಯಲ್ಲಿ ಯಾರೋ ನಕ್ಕ ಹಾಗಿತ್ತು. ಅಳು ಬರಬಹುದೇನೋ ಎಂದು ನೀಲಾ ಒಂದು ಗಳಿಗೆ ಕಾದಳು. ಬರಲಿಲ್ಲ. ಗಂಡ ನಾಪತ್ತೆಯಾದಾಗಿನಿಂದ ಇವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲ ಎಂದು ಬಿಣಗಾದ ಬಾಡಿಗೆ ಮನೆಯ ಅಕ್ಕಪಕ್ಕದವರು ಆಗಲೇ ಮೂಗು ಮುರಿಯುತ್ತಿದ್ದರು. ಅವರ ಮೇಲೆ ನೀಲಾಗೆ ಸಿಟ್ಟೂ ಬಂದಿರಲಿಲ್ಲ. ಸಿಟ್ಟು ಬರಬೇಕಾದರೂ ಒಳಗೆ ಏನಾದರೂ ಉಳಿದಿರಬೇಕಲ್ಲ.

ಕಾರವಾರ ಪೇಟೆಯ ಒಳಗಲ್ಲಿಯ ಈ ಅಂಗಡಿಯ ಹೆಸರು 'ಗೇಮ್ ಗೂಡು'. ಹೊಸಬರು ಒಳಗೆ ಬಂದರೆ ಇದು ಆಟಿಕೆ ಅಂಗಡಿಯೋ, ಪಾತ್ರೆ ಅಂಗಡಿಯೋ, ಹುಚ್ಚರ ಮನೆಯೋ ಎಂದು ತಬ್ಬಿಬ್ಬಾಗುವುದು ಖಂಡಿತ. ವಿಡಿಯೋ ಗೇಮಿನ ರಿಮೋಟಿನ ಆಕಾರದ ಒಗ್ಗರಣೆ ಡಬ್ಬಿ ಇತ್ತು. ಗುಂಡಿ ಎತ್ತಿದರೆ ಒಂದರ ಕೆಳಗೆ ಸಾಸಿವೆ, ಇನ್ನೊಂದರ ಕೆಳಗೆ ಜೀರಿಗೆ. ತಲೆಗೆ ನಾಲ್ಕು ಬಾರಿಸಿದರೆ ಮಾತ್ರ ಬಾಯಿ ಮುಚ್ಚುವ ಅಲಾರ್ಮ್ ರಾಕ್ಷಸ ಇತ್ತು. ಕಂಪ್ಯೂಟರಿನ ಕೀಲಿಮಣೆಗೆ ಕೂರಿಸುವ ಬಣ್ಣಬಣ್ಣದ ಗುಂಡಿಗಳಿದ್ದವು, ಗಾಜಿನಂಥ ಅಂಟಿನೊಳಗೆ ಒಂದೊಂದು ಒಣ ಶೆಟ್ಲಿ, ಅಂದರೆ ಸಿಗಡಿ, ಕಾಲು ಮಡಚಿಕೊಂಡು ಕೂತಿತ್ತು. ಹೈದರಾಬಾದಿನವರು ಶೆಟ್ಲಿಯ ಗುಂಡಿಯನ್ನು ಕೊರಿಯರ್‌ನಲ್ಲಿ ತರಿಸಿಕೊಳ್ಳುತ್ತಾರೆ ಎಂದರೆ ಇಲ್ಲಿಯ ಮೀನುಪೇಟೆಯ ಹೆಂಗಸರು ಇವತ್ತಿಗೂ ನಂಬುವುದಿಲ್ಲ.

ಮಾಡುವ ಕೈ ರೂಪೇಶನದು. ಆರ್ಡರ್ ಹಿಡಿಯುವ ಬಾಯಿ ಅವನ ಪಾಲುದಾರ ಸುಹಾಸ ಭಟ್ಟನದು, ಹಟ್ಟಿಕೇರಿಯಿಂದಾಚೆ ತೋಟವಿರುವ ಮನೆಯ ಹುಡುಗ. ಬಣ್ಣ ಬಳಿಯುವುದು, ಕಣ್ಣು ಬರೆಯುವುದು ನೀಲಾಳ ಪಾಲಿನ ಕೆಲಸ.

ಪಣಜಿಯ ಗೇಮಿಂಗ್ ಮೇಳಕ್ಕೆಂದು ಒಂದು ಆಳೆತ್ತರಕ್ಕೂ ದೊಡ್ಡ ಬೊಂಬೆಯನ್ನು ಟೆಂಪೋದಲ್ಲಿ ಹೇರಿಕೊಂಡು ಗೆಳೆಯರಿಬ್ಬರೂ ಹೊರಟಿದ್ದರು. ಟೆಂಪೋ ಬೈತಖೋಲ ಬಂದರಿನ ಹತ್ತಿರ ಖಾಲಿಯಾಗಿ ಸಿಕ್ಕಿತು. ರೂಪೇಶನೂ ಸಿಗಲಿಲ್ಲ, ಬೊಂಬೆಯೂ ಸಿಗಲಿಲ್ಲ. ಅವನು ಕಡಲು ಪಾಲಾದ ಎಂದೇ ಎಲ್ಲರೂ ತಿಳಿದರು.

"ಸುಹಾಸನಿಂದ ಬೆಳಿಗ್ಗೆ ಮತ್ತೆ ಮೆಸೇಜು," ಎಂದಳು ಕವನಾ, ಶೆಟ್ಲಿಯ ಗುಂಡಿಯನ್ನು ಬೆಳಕಿಗೆ ಹಿಡಿಯುತ್ತ. "ಬಂದರಿನ ಹತ್ತಿರ ತಾನು ಇಳಿದು ಪುಣೆ ಬಸ್ಸು ಹತ್ತಿದೆ, ಆಮೇಲೆ ರೂಪೇಶ ಏನಾದ ಗೊತ್ತಿಲ್ಲ, ಅದೇ ಹಳೇ ಹಾಡು. ಇನ್ನೂ ಜ್ವರವಂತೆ. ಫೋನ್ ಮಾಡಿದರೆ ಎತ್ತೋದಿಲ್ಲ. ಪುಣೆ ಪೊಲೀಸರು ಅವನು ಹೇಳಿದ ಲಾಡ್ಜಿಗೆ ಹೋದರೆ ಅಲ್ಲಿ ಆ ಹೆಸರಿನವರೇ ಇಲ್ಲ. ಅದಿರಲಿ, ನಾನು ಬಂದದ್ದು ಬೇರೆ ಕೆಲಸಕ್ಕೆ. ಇದನ್ನು ನೋಡಿ."

ಮೊಬೈಲಿನಲ್ಲಿ ಒಂದು ವಿಡಿಯೋ. ಯಾರೋ ಪ್ರವಾಸಿ ತೆಗೆದು ಹಾಕಿದ್ದು. ಸಮುದ್ರದ ದಂಡೆ, ಹೊನ್ನೆ ಮರ, ಮರದ ಬುಡದಲ್ಲಿ ನಾಲ್ಕು ಕೈಯ ಒಂದು ನೀಲಿ ಮೂರ್ತಿ. ಕೊರಳ ತುಂಬ ಅಬ್ಬಲಿಗೆ ಹೂವಿನ ದಂಡೆ, ಹಣೆಗೆ ಅಂಗೈಯಗಲ ಕುಂಕುಮ. ಹೆಂಗಸರು ಸಾಲಾಗಿ ನಿಂತು ಕೈ ಮುಗಿಯುತ್ತಿದ್ದರು. ಕೆಳಗೆ ಯಾರೋ ಬರೆದಿದ್ದರು: ನಮ್ಮ ಗೇಮಿನ ಕೊನೇ ರಾಕ್ಷಸನಿಗೆ ಇಲ್ಲಿ ಆರತಿ!

"ಅವರ್ಸಾ. ದಡದಿಂದ ಏಂಡಿ ಬಲೆ ಎಳೆಯುವಾಗ ಬಂತಂತೆ. ಕಡಲು ಕೊಟ್ಟ ದೇವರು, ನೀರಜಟಗ ಅಂತ ಹೆಸರಿಟ್ಟಿದ್ದಾರೆ. ಬಲೆ ಯಾರದು ಗೊತ್ತಾ?"

ನೀಲಾ ಇಲ್ಲವೆಂದು ತಲೆಯಾಡಿಸಿದಳು.

"ನಿಮ್ಮ ಮಾವನದು."

ನೀಲಾ ವಿಡಿಯೋವನ್ನು ನಿಲ್ಲಿಸಿ ಎರಡು ಬೆರಳಿನಿಂದ ಹಿಗ್ಗಿಸಿದಳು. ಕುಂಕುಮ, ಹೂವು, ಎಣ್ಣೆಯ ಜಿಡ್ಡು, ಇವೆಲ್ಲದರ ನಡುವೆ ಎರಡು ಕಣ್ಣು. ಕಣ್ಣಗೊಂಬೆಯ ನಟ್ಟನಡುವೆ ಬೆಳ್ಳಗೆ ಏನೋ ಮಿನುಗುತ್ತಿತ್ತು. ಅದು ಶೆವಟೆ ಮೀನಿನ ಹುರುಪೆ. ತೊಳೆದು, ಒಣಗಿಸಿ, ಚಿಮಟದಿಂದ ಹಿಡಿದು ಅವಳೇ ಕೂರಿಸಿದ್ದು. ಹಾಗೆ ಕೂರಿಸುವವರು ಈ ಲೋಕದಲ್ಲಿ ಇನ್ನೊಬ್ಬರಿದ್ದರೆ ಅವಳಿಗೆ ಗೊತ್ತಿಲ್ಲ.

"ಮೋರ್ಗು," ಎಂದಳು. "'ಕ್ರಾಕಡೋರಾ' ಗೇಮಿನ ಕೊನೇ ರಾಕ್ಷಸ. ನಮ್ದೇ ಮೇಡಂ. ಪಣಜಿಗೆ ಹೋಗಬೇಕಾಗಿದ್ದದ್ದು."

"ಖಂಡಿತಾ?"

"ಕಣ್ಣು ನಾ ಬರೆದದ್ದು."

ಕವನಾ ವಿಡಿಯೋವನ್ನು ಮುಂದಕ್ಕೆ ಓಡಿಸಿದಳು. ಮೂರ್ತಿಯನ್ನು ದಂಡೆಯಿಂದ ಮರದ ಬುಡಕ್ಕೆ ಸಾಗಿಸಿದ ದಿನದ ತುಣುಕು. ಬಿದಿರಿನ ಗಳ ಕಟ್ಟಿ, ಊರ ಗಂಡಸರೆಲ್ಲ ಹೆಗಲು ಕೊಟ್ಟು, ಹೊಯ್ಯೋ ಹೊಯ್ಯೋ ಎನ್ನುತ್ತ ಮರಳಿನಲ್ಲಿ ಕಾಲು ಹೂತು ಹೂತು ನಡೆಯುತ್ತಿದ್ದರು.

ನೀಲಾ ಅದನ್ನು ಎರಡನೆಯ ಸಲ ನೋಡಿದಳು.

"ಮೇಡಂ, ಅದು ಒಳಗೆ ಟೊಳ್ಳು. ಟೆಂಪೋಗೆ ಹೇರೂಕೆ ನಾನು, ರೂಪೇಶ ಇಬ್ರೇ ಎತ್ತಿದ್ದು."

ಕವನಾ ಶೆಟ್ಲಿಯ ಗುಂಡಿಯನ್ನು ಎಲ್ಲಿಂದ ತೆಗೆದಿದ್ದಳೋ ಅಲ್ಲೇ ಇಟ್ಟಳು. "ಜೀಪು ಹತ್ತಿ," ಎಂದಳು.

*

ಹೆದ್ದಾರಿಯುದ್ದಕ್ಕೂ ನೀಲಾ ಒಂದೇ ವಿಷಯ ಯೋಚಿಸುತ್ತಿದ್ದಳು. ಮಾವ ಜಟ್ಟಪ್ಪ ದಿನವೂ ಫೋನ್ ಮಾಡುತ್ತಿದ್ದ. ಉಂಡೆಯಾ, ಮಲಗಿದೆಯಾ ಎಂದೆಲ್ಲ ಕೇಳುತ್ತಿದ್ದ. ಕೊನೆಗೆ ತಪ್ಪದೆ ಒಂದು ಮಾತು: "ನೀ ಈಗ್ಲೇ ಅವರ್ಸಾಕ್ಕೆ ಬರೂದು ಬೇಡ. ಗೊಂಬೆ ಸುಡೂ ದಿನ ಬಂದ್ರೆ ಸಾಕು."

ಕಡಲಿಗೆ ಹೋದವನ ಹೆಣ ಸಿಗದಿದ್ದರೆ ದರ್ಭೆಯ ಗೊಂಬೆ ಮಾಡಿ, ಅದಕ್ಕೇ ಹೆಸರು ಹೇಳಿ ಸುಟ್ಟು, ಮುಂದಿನ ಕ್ರಿಯೆ ನಡೆಸುವುದು ಅವರಲ್ಲಿ ವಾಡಿಕೆ. ಸಾಮಾನ್ಯಕ್ಕೆ ಮನೆಯವರು ಇವತ್ತು ಬೇಡ, ನಾಳೆ ಬೇಡ ಎಂದು ದಿನ ತಳ್ಳುತ್ತಾರೆ. ಊರ ಹಿರಿಯರು ಬಂದು ಒತ್ತಾಯ ಮಾಡಬೇಕಾಗುತ್ತದೆ. ಇಲ್ಲಿ ಉಲ್ಟಾ. ಹಿರಿಯರು ಇನ್ನಷ್ಟು ಕಾಯೋಣ ಎಂದರೂ ಜಟ್ಟಪ್ಪನೇ ಪಟ್ಟು ಹಿಡಿದು ನಾಳೆಗೆ ದಿನ ಗೊತ್ತು ಮಾಡಿದ್ದ. ಮಗನ ದುಃಖ ತಡೆಯಲಾರದೆ ಮುಗಿಸಿಬಿಡೋಣ ಅಂದಿರಬೇಕು ಎಂದು ನೀಲಾ ತಿಳಿದಿದ್ದಳು. ತಿಳಿದಿದ್ದಳು ಎನ್ನುವುದೂ ಹೆಚ್ಚಾಯಿತು, ಅವಳು ಆ ಕುರಿತು ತಲೆಯನ್ನೇ ಓಡಿಸಿರಲಿಲ್ಲ. ಯಾರು ಏನು ಹೇಳಿದರೂ ಹೂಂ ಎನ್ನುತ್ತಿದ್ದಳು, ಅಷ್ಟೇ.

"ಒಂದು ಮಾತು ಈಗಲೇ ಹೇಳಿಬಿಡ್ತೇನೆ," ಎಂದಳು ಕವನಾ, ಮುಂದಿನ ಸೀಟಿನಿಂದ ತಿರುಗದೆ. "ಅದರೊಳಗೆ ರೂಪೇಶ ಇರಬಹುದು."

"ಗೊತ್ತು ಮೇಡಂ."

"ನೀವು ಬರಲೇಬೇಕು ಅಂತಿಲ್ಲ."

"ನಾ ಬರ್ತೆ."

ತನ್ನ ದನಿ ಇಷ್ಟು ಸಪಾಟಾಗಿ ಹೊರಟದ್ದು ಕಂಡು ನೀಲಾಗೇ ಹೇಸಿಗೆಯಾಯಿತು. ಗಂಡನ ಹೆಣ ನೋಡಲು ಹೋಗುತ್ತಿರುವವಳು ಸಂತೆಗೆ ಹೊರಟವಳ ಹಾಗೆ ಮಾತಾಡಬಹುದೇ? ಅವಳು ತೊಡೆಯನ್ನು ಗಟ್ಟಿಯಾಗಿ ಚಿವುಟಿಕೊಂಡಳು. ನೋವು ಎಲ್ಲೋ ದೂರದಲ್ಲಿ ಆಯಿತು.

*

ಹೊನ್ನೆ ಮರದ ಬುಡಕ್ಕೆ ಬರುವ ಮೊದಲೇ ಧೂಪದ ಹೊಗೆ ಮೂಗಿಗೆ ಬಡಿಯಿತು. ಒಂದೆರಡು ಕಡ್ಡಿಯಲ್ಲ, ಮಣ್ಣಿನ ಹೆಂಟೆಗಳಲ್ಲಿ ಕಟ್ಟುಕಟ್ಟೇ ಉರಿಯುತ್ತಿದ್ದವು. ಮೂರ್ತಿಯ ಸುತ್ತ ಹೂವಿನ ರಾಶಿ, ಅದರ ಮೇಲೆ ಕರ್ಪೂರ.

ನಡುವೆ ಜಟ್ಟಪ್ಪ ಕೂತಿದ್ದ. ಹೆಂಡತಿ ಸತ್ತ ಮೇಲೆ ಅವನು ದೇವಸ್ಥಾನದ ಮೆಟ್ಟಿಲು ಹತ್ತಿದವನಲ್ಲ. ಹಬ್ಬದ ದಿನವೂ ಬಲೆ ಹೆಣೆಯುತ್ತ ಕೂರುವ ಆಸಾಮಿ. ಅಂಥವನು ಈಗ ಪಂಚೆ ಉಟ್ಟು, ಮೈಗೆ ಭಸ್ಮ ಬಳಿದುಕೊಂಡು, ಊಟಕ್ಕೆಂದು ಹೋಗುವ ಹೊತ್ತು ಬಿಟ್ಟರೆ ಹಗಲು ರಾತ್ರಿ ಈ ಮೂರ್ತಿಯ ಬುಡ ಬಿಟ್ಟು ಏಳುತ್ತಿರಲಿಲ್ಲ. ಮಗ ಹೋದ ಮೇಲೆ ಮುದುಕನಿಗೆ ಭಕ್ತಿ ಹುಟ್ಟಿತು ಎಂದು ಊರವರು ಮರುಗುತ್ತಿದ್ದರು.

ಸೊಸೆಯನ್ನು ಕಂಡದ್ದೇ ಅವನ ಮುಖ ಕಪ್ಪಿಟ್ಟಿತು.

"ನೀ ಎಂತಕ್ಕೆ ಬಂದಿ? ನಾಳೆ ಬಾ ಹೇಳಿದ್ನಲ್ಲ?"

"ಮೇಡಂ ಕರ್ದ್ರು ಮಾವಾ."

ಕವನಾ ಬೂಟು ಬಿಚ್ಚಿಟ್ಟು ಹತ್ತಿರ ಹೋದಳು. ಪೊಲೀಸರು ಬೂಟು ಬಿಚ್ಚಿದ್ದು ನೋಡಿ ಜನ ಸ್ವಲ್ಪ ಸಮಾಧಾನಪಟ್ಟರು. ಆಮೇಲೆ ಅವಳು ಮೂರ್ತಿಯನ್ನು ಒಡೆದು ನೋಡಬೇಕು ಎಂದಳು. ಆ ಸಮಾಧಾನ ಅಲ್ಲಿಗೇ ಮುಗಿಯಿತು.

"ಒಡೂದಾ? ದೇವ್ರನ್ನಾ?" ಹಿಂದಿನಿಂದ ಮಾದಿ ಎಂಬ ಮೀನು ಮಾರುವ ಹೆಂಗಸು ಕೂಗಿದಳು. "ಇದು ಬಂದ ಮೇಲೆ ಬಲೆಗೆ ಬಂಗಡೆ ಹೆಂಗೆ ಬಿದ್ದದೆ ಗೊತ್ತೇ ನಿಮ್ಗೆ?"

ಜಟ್ಟಪ್ಪ ಎದ್ದು ನಿಂತು ಮೂರ್ತಿಗೆ ಬೆನ್ನು ಕೊಟ್ಟ. "ನನ್ನ ಮಗನ್ನ ತಕಂಡ ಕಡ್ಲು ಬದ್ಲಿಗೆ ಇದನ್ನ ಕೊಟ್ಟದೆ ಬಾಯೋರೇ. ಇದನ್ನೂ ತಕಂಡ್ ಹೋಗ್ತೆ ಹೇಳ್ರೆ ಮೊದ್ಲು ನನ್ನ ಕಡೀರಿ."

ಗುಂಪು ಮುಂದೆ ಸರಿಯಿತು. ಕವನಾಳ ಜೊತೆಗಿದ್ದ ಇಬ್ಬರು ಕಾನ್‌ಸ್ಟೇಬಲ್‌ಗಳು ಟೋಪಿ ಸರಿಮಾಡಿಕೊಂಡು, ಹೆಂಗಸರ ಮೈ ತಾಗದಂತೆ ಹೇಗೆ ತಡೆಯುವುದೆಂದು ತಿಳಿಯದೆ ಕೈ ಕಟ್ಟಿ ನಿಂತರು.

ಆ ಗದ್ದಲದಲ್ಲಿ ನೀಲಾಳನ್ನು ಯಾರೂ ಗಮನಿಸಲಿಲ್ಲ. ಅವಳು ಮರವನ್ನು ಬಳಸಿ ಮೂರ್ತಿಯ ಹಿಂದೆ ಹೋದಳು.

ಮೋರ್ಗುವಿನ ಬೆನ್ನಿಗೆ ಒಂದು ಬಾಗಿಲಿತ್ತು. ಕಣ್ಣಿನೊಳಗಿನ ದೀಪಕ್ಕೆ ವಾಯರ್ ಎಳೆಯಲೆಂದು ರೂಪೇಶ ಮಾಡಿದ್ದು, ಅವನು ಸೊಂಟದವರೆಗೂ ಒಳಗೆ ತೂರಿ ಕೆಲಸ ಮಾಡುವಷ್ಟು ಅಗಲ. ಹೂವಿನ ಚಾದರ ಅದನ್ನು ಪೂರ್ತಿ ಮುಚ್ಚಿತ್ತು. ನೀಲಾ ಹೂವು ಸರಿಸಿದಳು.

ಬಾಗಿಲಿನ ಸುತ್ತ ಎರಡು ಬಗೆಯ ಬೆಸುಗೆ ಇತ್ತು. ಒಂದು ಹಳೆಯದು, ಉಪ್ಪು ಹಿಡಿದು ಬಿಳಚಿಕೊಂಡಿತ್ತು. ಅದನ್ನು ಯಾರೋ ಕತ್ತರಿಸಿದ್ದರು. ಅದರ ಮೇಲೆ ಹೊಸದಾಗಿ ಫೈಬರ್ ಮ್ಯಾಟಿನ ತೇಪೆಗಳನ್ನು ಹಾಕಿ ಅಂಟು ಸವರಿದ್ದರು. ದೋಣಿಯ ತಳ ಒಡೆದರೆ ಹಾಕುತ್ತಾರಲ್ಲ, ಅದೇ ಬೂದು ತೇಪೆ. ನೀಲಾ ಮೂಗು ಹತ್ತಿರ ಒಯ್ದಳು. ಧೂಪದ ಕೆಳಗೆ ಅಂಟಿನ ಘಾಟು ಇನ್ನೂ ಇತ್ತು. ಅದರ ಕೆಳಗೆ ಇನ್ನೊಂದು ವಾಸನೆಯೂ ಇತ್ತು. ಅದರ ಹೆಸರನ್ನು ಅವಳು ಮನಸ್ಸಿನಲ್ಲೂ ಹೇಳಿಕೊಳ್ಳಲಿಲ್ಲ.

ಅವಳ ಬೆರಳು ತೇಪೆಯ ಮೂಲೆಯ ಮೇಲೆ ನಿಂತಿತು. ಮೂಲೆ ದುಂಡಗಿತ್ತು.

ಗೇಮ್ ಗೂಡಿನಲ್ಲಿ ದಿನಾ ಇದೇ ಜಗಳ. ಸುಹಾಸ ತೇಪೆಯನ್ನು ಚೌಕಾಕಾರಕ್ಕೆ ಕತ್ತರಿಸುತ್ತಿದ್ದ. "ಚೌಕ ಮೂಲೆ ನೀರಲ್ಲಿ ಎದ್ದ್ ಬರ್ತದೋ ಭಟ್ಟಾ, ದುಂಡಗೆ ಕತ್ತರ್ಸು," ಎಂದು ರೂಪೇಶ ಗದರುತ್ತಿದ್ದ. "ನಮ್ಮ ಬೊಂಬೆ ಎಂತಾ ದೋಣಿಯೇನೋ, ನೀರಿಗೆ ಬಿಡೂಕೆ?" ಎಂದು ಸುಹಾಸ ನಗುತ್ತಿದ್ದ. ರೂಪೇಶನಿಗೆ ಅದು ಕೈಗೆ ಹತ್ತಿದ ಚಾಳಿ, ದೋಣಿಯವರ ಮಕ್ಕಳಿಗೆ ಬಿಡುವುದಿಲ್ಲ.

ನೀಲಾಳ ಎದೆ ಧಡ್ ಎಂದಿತು. ಎಷ್ಟೋ ದಿನಗಳ ನಂತರ ಅದು ಅಲ್ಲಿದೆ ಎಂದು ಅವಳಿಗೆ ತಿಳಿದದ್ದು ಆಗಲೇ.

ರೂಪೇಶ ಇಲ್ಲಿಗೆ ಬಂದಿದ್ದನೇ? ಬೊಂಬೆ ದಡ ಸೇರಿದ ಮೇಲೆ, ಇದೇ ಮರದ ಕೆಳಗೆ ಕೂತು, ಈ ತೇಪೆ ಹಾಕಿದನೇ? ಹಾಗಾದರೆ ಅವನು ಬದುಕಿದ್ದಾನೆ. ಬದುಕಿದ್ದಾನೆ, ಮತ್ತು ಒಳಗೆ ಏನೋ ಇದೆ.

"ಮೇಡಂ," ಎಂದು ಕರೆದಳು.

ಕವನಾ ಬಂದು ಬಗ್ಗಿ ನೋಡಿದಳು. ನೀಲಾ ಎರಡು ಬೆಸುಗೆಯ ಕಥೆ ಹೇಳಿದಳು. ದುಂಡು ಮೂಲೆಯ ಕಥೆಯನ್ನೂ ಹೇಳಿದಳು. ಕೊನೆಗೆ ತಡೆಯಲಾರದೆ, "ಅಂವನೇ ಬಂದಿರಬೇಕು ಮೇಡಂ," ಎಂದುಬಿಟ್ಟಳು.

ಕವನಾ ಅವಳನ್ನೇ ನೋಡಿದಳು. ಕರುಣೆ ತೋರಿಸುವುದು ಆ ಹೆಂಗಸಿಗೆ ಬರುತ್ತಿರಲಿಲ್ಲ, ಸುಳ್ಳು ಹೇಳುವುದೂ ಬರುತ್ತಿರಲಿಲ್ಲ. "ಅಥವಾ ಅವನು ಒಳಗಿದ್ದಾನೆ," ಎಂದಳು. "ದುಂಡಗೆ ಕತ್ತರಿಸುವವರು ಈ ದಂಡೆಯಲ್ಲಿ ಎಷ್ಟು ಜನ ಇದ್ದಾರೆ?"

"ದೋಣಿ ಇದ್ದವ್ರೆಲ್ಲ."

"ಹಾಗಾದರೆ ಒಡೆಯಲೇಬೇಕು. ತಹಶೀಲ್ದಾರರು ಹೊರಟಿದ್ದಾರೆ. ಅವರು ಬಂದ ಮೇಲೆ ನಾನು ಬಲವಂತವಾಗಿ ಒಡೆಸಬಹುದು. ಆದರೆ ಈ ಜನರ ಮೇಲೆ ಲಾಠಿ ಎತ್ತುವುದು ನನಗೆ ಬೇಡ. ನೀವೊಮ್ಮೆ ಮಾತಾಡ್ತೀರಾ?"

*

ನೀಲಾ ಮೂರ್ತಿಯ ಮುಂದೆ ಬಂದು ನಿಂತಳು. ಮದುವೆಯಾದಾಗಿನಿಂದ ಮಾವನ ಎದುರು ಅವಳು ದನಿ ಎತ್ತಿದವಳಲ್ಲ.

"ಮಾವಾ, ಇದು ದೇವ್ರಲ್ಲ. ನಮ್ಮ ಅಂಗಡಿ ಬೊಂಬೆ. ಇದ್ರ ಕಣ್ಣು ನಾನೇ ಬರೆದದ್ದು."

ಗುಂಪಿನಲ್ಲಿ ಗುಜುಗುಜು ಎದ್ದಿತು. ಜಟ್ಟಪ್ಪ ಅಲುಗಲಿಲ್ಲ.

"ಬರದ್ರೆ ಎಂತಾಯ್ತು? ಗುಡಿ ಒಳಗಿನ ಕಲ್ಲು ಕೆತ್ತದಂವ ಮನುಷ್ಯನೇ ಅಲ್ವಾ? ಅಂವ ಕೆತ್ತದಾ ಹೇಳಿ ಅದು ದೇವ್ರು ಅಲ್ಲ ಆಯ್ತೋ?"

"ಹೌದಲ್ಲೇ!" ಎಂದಳು ಮಾದಿ. ಹೌದು ಹೌದು ಎಂದು ಎಲ್ಲರೂ ತಲೆದೂಗಿದರು. ಮುದುಕನ ಮಾತು ಹಾಗೆ ತೆಗೆದುಹಾಕುವಂಥದ್ದಲ್ಲ.

"ಆಯ್ತು, ದೇವ್ರೇ ಇರ್ಲಿ," ಎಂದಳು ನೀಲಾ. "ದೇವ್ರ ಬೆನ್ನಿಗೆ ತೇಪೆ ಹಾಕ್ದವ್ರು ಯಾರು?"

ಜಟ್ಟಪ್ಪ ಬಗ್ಗಿ ಇನ್ನೊಂದು ಧೂಪದ ಕಡ್ಡಿ ಹೊತ್ತಿಸತೊಡಗಿದ.

"ಬಲೆಗೆ ಬಂದ ಮೇಲೆ ಯಾರೋ ಇದನ್ನ ಕೊಯ್ದು, ಒಳಗೆ ನೋಡಿ, ಮತ್ತೆ ಮುಚ್ಚಿದ್ರು. ಅಂಟು ಇನ್ನೂ ಘಾಟು ಹೊಡೀತದೆ. ಹಗಲು ರಾತ್ರಿ ಇಲ್ಲೇ ಇದ್ದವ್ರು ನೀವು. ನಿಮ್ಗೆ ಕಾಣದೆ ಯಾರು ಬಂದ್ರು ಮಾವಾ?"

"ನಂಗೆ ಗೊತ್ತಿಲ್ಲ."

"ಹಾಗಾರೆ ನಂಗೂ ಗೊತ್ತಾಗಬೇಕು. ಇದನ್ನ ಬಿಚ್ಚದ ಹೊರತು ನಾಳೆ ನಾ ಕ್ರಿಯೆಗೆ ಕೂರೂದಿಲ್ಲ. ಬಳೆ ತೆಗೂದಿಲ್ಲ. ಹುಲ್ಲಿನ ಗೊಂಬೆಗೆ ನನ್ನ ಗಂಡನ ಹೆಸ್ರು ಹೇಳೂಕೆ ಯಾರನ್ನೂ ಬಿಡೂದಿಲ್ಲ."

ಅವಳ ದನಿ ಒಡೆದಿತ್ತು. ಸಪಾಟು ಎಲ್ಲೋ ಹೋಗಿ, ಕೊನೆಯ ಮಾತುಗಳು ಕಿರುಚಿದ ಹಾಗೆ ಹೊರಟಿದ್ದವು. ಅದು ನೀಲಾಗೂ ಗೊತ್ತಾಯಿತು.

ಹೆಂಗಸರು ಜಟ್ಟಪ್ಪನ ಕಡೆ ತಿರುಗಿದರು. ಆ ದಂಡೆಯಲ್ಲಿ ಗಂಡನನ್ನೋ ಮಗನನ್ನೋ ಕಡಲಿಗೆ ಕೊಡದ ಮನೆ ಕಡಿಮೆ. ಹೆಣ ಸಿಗದ ಹೆಂಗಸಿಗೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಾದಿ ಮುಂದೆ ಬಂದು ನೀಲಾಳ ಪಕ್ಕದಲ್ಲಿ ನಿಂತಳು.

"ಬಿಚ್ಚೂಕೆ ಕೊಡು ಜಟ್ಟಪ್ಪಣ್ಣಾ. ದೇವ್ರಾದ್ರೆ ತಪ್ಪು ಕಾಣಿಕೆ ಹಾಕ್ವಾ. ಹುಡ್ಗಿ ಜೀವ ತಿನ್ನಬೇಡ."

ಜಟ್ಟಪ್ಪ ಸುತ್ತ ನೋಡಿದ. ಅವನ ಬೆನ್ನಿಗಿದ್ದ ಜನ ಒಬ್ಬೊಬ್ಬರಾಗಿ ನೀಲಾಳ ಬದಿಗೆ ಸರಿದಿದ್ದರು. ಅವನು ಮೂರ್ತಿಯ ಪಕ್ಕಕ್ಕೆ ಸರಿದು, ಮರದ ಬೇರಿನ ಮೇಲೆ ಕೂತುಬಿಟ್ಟ.

ದೋಣಿ ರಿಪೇರಿಯ ಆಶಿಷ ಗ್ರೈಂಡರ್ ತಂದ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮೊದಲು ಮೂರ್ತಿಗೆ ಕೈ ಮುಗಿದು, ಆಮೇಲೆ ಸ್ವಿಚ್ ಒತ್ತಿದ. ಬಿಳಿ ಧೂಳು ಹಾರಿತು. ತೇಪೆಯ ಉದ್ದಕ್ಕೂ ಬ್ಲೇಡು ಇಳಿಯುತ್ತ ಹೋದ ಹಾಗೆ ಅಲ್ಲಿಯವರೆಗೆ ಧೂಪ ಅಡಗಿಸಿಟ್ಟದ್ದು ಹೊರಗೆ ಬಂತು. ಮುಂದಿದ್ದವರು ಸೆರಗಿನಿಂದ ಮೂಗು ಮುಚ್ಚಿ ಹಿಂದೆ ಹಿಂದೆ ಹೋದರು. ಆಶಿಷ ನಿಲ್ಲಿಸಿ, ಆಚೆ ತಿರುಗಿ ವಾಂತಿ ಮಾಡಿ, ಮತ್ತೆ ಬಂದ.

ಒ‍ಳಗೆ ಮನುಷ್ಯನಿದ್ದಾನೆ ಎನ್ನುವುದರಲ್ಲಿ ಇನ್ನು ಯಾರಿಗೂ ಅನುಮಾನ ಉಳಿಯಲಿಲ್ಲ.

ನೀಲಾ ಅಲ್ಲೇ ನಿಂತಿದ್ದಳು. ಇಷ್ಟು ದಿನ ಬಾರದಿದ್ದದ್ದೆಲ್ಲ ಈಗ ಒಟ್ಟಿಗೇ ಬಂದಿತ್ತು. ಅವಳಿಗೆ ಭಯವಾಗುತ್ತಿತ್ತು. ತೇಪೆ ಹಾಕಿದವನು ರೂಪೇಶ ಎಂದು ಸ್ವಲ್ಪ ಹೊತ್ತಿನ ಹಿಂದಷ್ಟೇ ಆಸೆ ಪಟ್ಟಿದ್ದಳು. ಆ ಆಸೆ ಹುಟ್ಟದೇ ಇದ್ದಿದ್ದರೆ ಇದನ್ನು ಕಲ್ಲಿನ ಹಾಗೆ ನೋಡಿಬಿಡಬಹುದಿತ್ತು. ಅವಳು ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟಳು.

ಯಾರೋ ಹಿಡಿದುಕೊಂಡರು. ಬಲೆ ಎಳೆದು ದಡ್ಡುಗಟ್ಟಿದ ಕೈ. ಜಟ್ಟಪ್ಪ ಅವಳ ಹೆಗಲು ಬಳಸಿ, ಬಾಯನ್ನು ಕಿವಿಯ ಹತ್ತಿರ ತಂದು, ಗ್ರೈಂಡರಿನ ಸದ್ದಿನ ಮರೆಯಲ್ಲಿ ಹೇಳಿದ:

"ಹೆದರಬೇಡ ಮಗಾ. ಅದ್ರೊಳಗೆ ಇದ್ದಂವ ರೂಪೇಶ ಅಲ್ಲ."

ನೀಲಾ ತಲೆ ತಿರುಗಿಸಿ ಅವನನ್ನು ನೋಡಿದಳು. ಬಾಗಿಲು ಇನ್ನೂ ತೆರೆದಿರಲಿಲ್ಲ.

ಗ್ರೈಂಡರ್ ನಿಂತಿತು. ಆಶಿಷ ಕಬ್ಬಿಣದ ಪಟ್ಟಿ ತೂರಿಸಿ ಮೀಟಿದ. ಬಾಗಿಲು ಕಿತ್ತು ಮರಳಿನ ಮೇಲೆ ಬಿತ್ತು. ಹಿಂದಿನಿಂದ ಯಾರೋ ಚೀರಿದರು. ಮುಖವೆಂಬುದು ಗುರುತು ಹಿಡಿಯುವ ಹಾಗಿರಲಿಲ್ಲ. ಆದರೆ ಕೊಳೆತ ಅಂಗಿಯ ತೆರೆದ ಗುಂಡಿಯ ನಡುವೆ ಎದೆಗೆ ಅಡ್ಡಲಾಗಿ ಜನಿವಾರವಿತ್ತು.

ಕವನಾ ಕರವಸ್ತ್ರ ಮೂಗಿಗೆ ಒತ್ತಿ ಬಗ್ಗಿದಳು. "ಸುಹಾಸ ಭಟ್ಟ," ಎಂದಳು ತನಗೇ ಎಂಬಂತೆ. ಅದೇ ಗಳಿಗೆಯಲ್ಲಿ ಅವಳ ಕೈ ತಾನಾಗಿ ಮೊಬೈಲಿನ ಕಡೆ ಹೋಯಿತು. ಬೆಳಗಿನ ಮೆಸೇಜನ್ನು ತೆರೆದು ನೋಡಿದಳು, ಹೆಣವನ್ನು ನೋಡಿದಳು, ಮತ್ತೆ ಮೆಸೇಜನ್ನು ನೋಡಿದಳು. ಸತ್ತವನ ಫೋನಿನಿಂದ ಬೇರೆ ಯಾರೋ ಬರೆಯುತ್ತಿದ್ದರು.

ಎಲ್ಲರ ಕಣ್ಣೂ ಮೂರ್ತಿಯ ಮೇಲಿದ್ದಾಗ ಜಟ್ಟಪ್ಪ ಇನ್ನೊಮ್ಮೆ ಬಾಯಿ ತೆರೆದ. ಈ ಸಲ ತುಟಿ ಅಲುಗಿದ್ದೂ ಕಾಣದಷ್ಟು ಸಣ್ಣಗೆ.

"ರೂಪೇಶ ಬದುಕಿದಾ. ಕಾಲು ಮುರ್ದದೆ, ಎದ್ದು ನಡೂಕೆ ಬರೂದಿಲ್ಲ. ಇಷ್ಟ್ ದಿನ ಊಟ ನೀರು ನಾ ಒಯ್ದೆ. ನನ್ನ ಇವ್ರು ಇನ್ ಬಿಡೂದಿಲ್ಲ. ಇವತ್ತಿಂದ ನೀನೇ ಒಯ್ಯಬೇಕು."

ನೀಲಾ ಅವನ ಕಡೆ ವಾಲಿದಳು. "ಎಲ್ಲಿಗೆ?"

"ಜಟ್ಟಪ್ಪ." ಕವನಾ ನೇರ ನಿಂತಿದ್ದಳು. "ಅವರನ್ನು ಬಿಟ್ಟು ಈಚೆ ಬನ್ನಿ. ಈಗಲೇ."

ಕಾನ್‌ಸ್ಟೇಬಲ್‌ಗಳು ಇಬ್ಬರ ನಡುವೆ ಬಂದರು. ಈ ಸಲ ಅವರಿಗೆ ಯಾರ ಮೈ ತಾಗುವ ಚಿಂತೆಯೂ ಇರಲಿಲ್ಲ. ಜಟ್ಟಪ್ಪ ತಾನಾಗಿಯೇ ಕೈ ಸಡಿಲಿಸಿದ.

"ತೇಪೆ ನಾನೇ ಹಾಕದ್ದು ಬಾಯೋರೇ," ಎಂದ, ಎಲ್ಲರಿಗೂ ಕೇಳುವಂತೆ. "ಬಲೆಗೆ ಬಂದ ದಿನವೇ ಕೊಯ್ದು ನೋಡ್ದೆ. ನನ್ನ ಮಗ ಒಳಗಿದ್ದಾನೋ ಕಾಣೂಕೆ. ದೇವ್ರು ಅಂದ್ರೆ ಯಾರೂ ಮುಟ್ಟೂದಿಲ್ಲ ಹೇಳಿ ದೇವ್ರು ಅಂದೆ. ಇನ್ನೆಂತಾ ಕೇಳಿದ್ರೂ ನಾ ಹೇಳೂದಿಲ್ಲ."

ಮಾದಿ ಹಣೆ ಚಚ್ಚಿಕೊಂಡು ಕೂತಳು. ಇಷ್ಟು ದಿನ ಅಡ್ಡಬಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಾರದೆ ಮರಳು ನೋಡುತ್ತಿದ್ದರು.

ಕವನಾ ನೀಲಾಳ ಹತ್ತಿರ ಬಂದಳು. ತೀರ ಹತ್ತಿರ. "ಬಾಗಿಲು ತೆರೆಯುವ ಮೊದಲು ನಿಮ್ಮ ಮಾವ ಕಿವಿಯಲ್ಲಿ ಏನೋ ಹೇಳಿದರು. ತೆರೆದ ಮೇಲೂ ಹೇಳಿದರು. ಏನು ಹೇಳಿದರು?"

ಹೇಳಿದರೆ ರೂಪೇಶ ಸಿಗುತ್ತಾನೆ. ಸಿಕ್ಕವನ ಕೈಗೆ ಬೇಡಿ ಬೀಳುತ್ತದೆ. ಹೇಳದಿದ್ದರೆ ಮುರಿದ ಕಾಲಿನವನು ಎಲ್ಲೋ ಒಬ್ಬನೇ ಬಿದ್ದಿದ್ದಾನೆ. ಎಲ್ಲಿ ಎಂದು ಬಲ್ಲವನು ಒಬ್ಬನೇ, ಅವನು ಜೀಪು ಹತ್ತುತ್ತಿದ್ದಾನೆ.

"ಹೆದರಬೇಡ ಹೇಳಿದ್ರು ಮೇಡಂ," ಎಂದಳು ನೀಲಾ.

"ಅಷ್ಟೇನಾ?"

"ಅಷ್ಟೇ."

ಕವನಾ ನಂಬಲಿಲ್ಲ. ನಂಬಲಿಲ್ಲ ಎಂದು ನೀಲಾಗೂ ಗೊತ್ತಾಯಿತು. "ನೀವು ಇವತ್ತು ಇಲ್ಲೇ ಮಾವನ ಮನೆಯಲ್ಲಿ ಇರಿ," ಎಂದಳು ಕವನಾ. "ಒಬ್ಬ ಕಾನ್‌ಸ್ಟೇಬಲ್ ಬಾಗಿಲಲ್ಲಿರುತ್ತಾನೆ. ಎಲ್ಲಿಗೆ ಹೋಗುವುದಿದ್ದರೂ ಅವನಿಗೆ ಹೇಳಿ ಹೋಗಿ."

ಜೀಪಿನ ಹಿಂದಿನ ಸೀಟಿನಲ್ಲಿ ಜಟ್ಟಪ್ಪ ನೆಟ್ಟಗೆ ಕೂತಿದ್ದ. ನೀಲಾ ಅವನ ಮುಖವನ್ನೇ ನೋಡಿದಳು. ಕಣ್ಣಿನಲ್ಲೋ, ಕತ್ತಿನ ಕೊಂಕಿನಲ್ಲೋ, ದಿಕ್ಕು ತೋರಿಸುವ ಒಂದು ಸನ್ನೆಗಾಗಿ ಕಾದಳು. ಪಕ್ಕದಲ್ಲಿ ಕೂತ ಕಾನ್‌ಸ್ಟೇಬಲ್ ಅವನನ್ನೇ ನೋಡುತ್ತಿದ್ದ. ಮುದುಕ ರೆಪ್ಪೆಯನ್ನೂ ಆಡಿಸಲಿಲ್ಲ. ಜೀಪು ಮರಳು ಹಾರಿಸಿ ಹೆದ್ದಾರಿಯ ಕಡೆ ತಿರುಗಿತು.

ಹೊತ್ತು ಆಗಲೇ ಇಳಿದಿತ್ತು. ಇವತ್ತಿನ ಊಟ ರೂಪೇಶನಿಗೆ ಮುಟ್ಟಿತ್ತೋ ಇಲ್ಲವೋ, ಅದೂ ಅವಳಿಗೆ ಗೊತ್ತಿರಲಿಲ್ಲ.